ಮೈಲ್ಸ್ ಕೂಡಿಡಬೇಕಾ, ಖರ್ಚು ಮಾಡಬೇಕಾ? ಲೆಕ್ಕ ಹಾಕುವುದು ಹೀಗೆ

ಕಳೆದ ಡಿಸೆಂಬರ್‌ನಲ್ಲಿ ದುಬೈಯಿಂದ ಊರಿಗೆ ಬಂದಿದ್ದ ಭಾವ, ಊಟ ಮುಗಿಸಿ ಫೋನ್ ನನ್ನ ಕೈಗೆ ಕೊಟ್ಟರು. "ಇದ್ರಲ್ಲಿ ಎಂತದೋ ಮೈಲ್ಸ್ ಉಂಟಂತೆ, ಸ್ವಲ್ಪ ನೋಡು" ಎಂದರು. ಮೈಲ್ಸ್ ಎಂದರೆ ನಾವು ವಿಮಾನದಲ್ಲಿ ಹೋದಾಗ ಕಂಪನಿ ನಮ್ಮ ಖಾತೆಗೆ ಹಾಕುವ ಅಂಕಗಳು, ಅವು ಸಾಕಷ್ಟಾದರೆ ಟಿಕೆಟ್ ತಗೊಳ್ಳಬಹುದು. ನೋಡಿದೆ. 61,000 ಇತ್ತು. ಅದರಲ್ಲಿ 18,000 ಮುಂದಿನ ತಿಂಗಳ ಕೊನೆಗೆ ಅವಧಿ ಮುಗಿದು ಹೋಗುವುದಿತ್ತು. "ಯಾಕೆ ಭಾವ, ಬಳಸಲೇ ಇಲ್ವಾ?" ಎಂದು ಕೇಳಿದೆ. "ಇದ್ರೆ ಇರ್ಲಿ ಅಂತ ಬಿಟ್ಟೆ. ಅದೇನು ಅನ್ನ ಕೇಳ್ತದಾ?" ಎಂದರು.

ನಮ್ಮ ಕಡೆ ಈ ಮಾತು ಬರುವುದು ಸಹಜ. ಕೂಡಿಡುವುದು ನಮಗೆ ಚಿಕ್ಕಂದಿನಿಂದ ಬಂದ ಅಭ್ಯಾಸ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್ ಹುಟ್ಟಿತು. ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿತು. 1925ರಲ್ಲಿ ಉಡುಪಿಯಲ್ಲೇ ಶುರುವಾದ ಸಿಂಡಿಕೇಟ್ ಬ್ಯಾಂಕ್, 1928ರಲ್ಲಿ ಪಿಗ್ಮಿ ತಂದಿತು. ಏಜೆಂಟರು ಮನೆ ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆಯಂತೆ ಕಟ್ಟಿಸಿಕೊಂಡು ಹೋಗುತ್ತಿದ್ದರು. ಆ ಎರಡಾಣೆಯಲ್ಲಿ ಎಷ್ಟು ಮದುವೆ ನಡೆದಿವೆಯೋ, ಎಷ್ಟು ಮಕ್ಕಳು ಕಾಲೇಜು ಮುಗಿಸಿದ್ದಾರೋ.

ಆದರೆ ಪಿಗ್ಮಿಗೆ ಬಡ್ಡಿ ಇತ್ತು. ಮೈಲ್ಸ್‌ಗೆ ಬಡ್ಡಿ ಇಲ್ಲ. ಕೂಡಿಟ್ಟ ಮೇಲೆ ಅದು ಬೆಳೆಯುವುದಿಲ್ಲ, ಅದರ ಬೆಲೆ ಇಳಿಯುತ್ತಾ ಹೋಗುತ್ತದೆ. ಎಷ್ಟು ಮೈಲ್ಸ್‌ಗೆ ಯಾವ ಟಿಕೆಟ್ ಎಂದು ನಿರ್ಧರಿಸುವುದು ಕಂಪನಿಯೇ. ಬಹುತೇಕ ಕಂಪನಿಗಳ ನಿಯಮದಲ್ಲಿ ಮೈಲ್ಸ್ ನಿಮ್ಮ ಆಸ್ತಿ ಅಲ್ಲ ಎಂದೇ ಬರೆದಿರುತ್ತದೆ. ಹಾಗಾಗಿ ನನ್ನ ಲೆಕ್ಕ ಇಷ್ಟು: ಹೋಗುವ ಊರು, ಹೋಗುವ ತಿಂಗಳು, ಇನ್ನೆಷ್ಟು ಮೈಲ್ಸ್ ಬೇಕು, ಈ ಮೂರೂ ಗೊತ್ತಿದ್ದರೆ ಕೂಡಿಡಿ. ಒಂದು ಗೊತ್ತಿಲ್ಲದಿದ್ದರೂ ಖರ್ಚು ಮಾಡಿ.

ಮೊದಲು ಎಲ್ಲೆಲ್ಲಿ ಎಷ್ಟಿದೆ ಎಂದು ಬರೆಯಿರಿ

ಒಂದು ಕಾಗದ ತಗೊಳ್ಳಿ. ಮನೆಯವರೆಲ್ಲರ ಖಾತೆಗಳನ್ನೂ ಬರೆಯಿರಿ. ಕಂಪನಿ ಯಾವುದು, ಎಷ್ಟು ಮೈಲ್ಸ್, ಯಾವ ದಿನ ಮುಗಿಯುತ್ತದೆ, ಇಷ್ಟು ಸಾಕು.

ಮುಗಿಯುವ ದಿನದಲ್ಲಿ ಎರಡು ಬಗೆ ಇವೆ. ಕೆಲವು ಕಡೆ ಗಳಿಸಿದ ದಿನದಿಂದ ಎಣಿಕೆ. ಎಮಿರೇಟ್ಸ್‌ನ ಸ್ಕೈವರ್ಡ್ಸ್ ಮತ್ತು ಸಿಂಗಪುರ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಯೋಜನೆಗಳಲ್ಲಿ ಮೈಲ್ಸ್ ಸುಮಾರು ಮೂರು ವರ್ಷ ಬಾಳುತ್ತವೆ. ನೀವು ಮಧ್ಯೆ ಎಷ್ಟು ಸಲ ಹಾರಿದರೂ ಹಳೆಯವು ಹಳೆಯವೇ. ಇನ್ನು ಕೆಲವು ಕಡೆ ಖಾತೆ ಚಲಾವಣೆಯಲ್ಲಿದ್ದರೆ ಸಾಕು. ಕತಾರ್ ಏರ್‌ವೇಸ್ ಬಳಸುವ ಏವಿಯೋಸ್ ಎಂಬ ಮೈಲ್ಸ್ ಹೀಗೆ. 36 ತಿಂಗಳಲ್ಲಿ ಒಂದು ಸಲ ಗಳಿಸಿದರೂ, ಖರ್ಚು ಮಾಡಿದರೂ ಅವಧಿ ಮುಂದೆ ಹೋಗುತ್ತದೆ. ಮೊದಲ ಬಗೆಯದ್ದು ಕೊಯ್ದಿಟ್ಟ ಹಲಸಿನಕಾಯಿ ಇದ್ದ ಹಾಗೆ. ಹಣ್ಣಾಗುವ ದಿನ ನೋಡಿಕೊಂಡೇ ಇರಬೇಕು.

ವಿಸ್ತಾರ ಕಂಪನಿಯ ವಿಮಾನದಲ್ಲಿ ಓಡಾಡುತ್ತಿದ್ದವರಿಗೆ ಒಂದು ಮಾತು. 2024ರ ನವೆಂಬರ್‌ನಲ್ಲಿ ಆ ಕಂಪನಿ ಏರ್ ಇಂಡಿಯಾದ ಜೊತೆ ಸೇರಿತು. ಕ್ಲಬ್ ವಿಸ್ತಾರದ ಪಾಯಿಂಟ್ಸ್ ಏರ್ ಇಂಡಿಯಾದ ಕಡೆಗೆ ಬಂದವು. ಆ ಯೋಜನೆಗೆ ಈಗ ಮಹಾರಾಜ ಕ್ಲಬ್ ಎಂದು ಹೆಸರು. ಹಳೆಯ ಖಾತೆ ಮರೆತಿದ್ದರೆ ಇವತ್ತೇ ಹುಡುಕಿ. ಇಂಡಿಗೊ ಕೂಡ 2024ರಲ್ಲಿ ಬ್ಲೂಚಿಪ್ ಎಂಬ ಇಂಥದೇ ಯೋಜನೆ ಶುರು ಮಾಡಿದೆ. ಮುಂಬೈಗೆ, ಬೆಂಗಳೂರಿಗೆ ಆಗಾಗ ಹೋಗುವ ಎಷ್ಟೋ ಜನ ಅದಕ್ಕೆ ಇನ್ನೂ ಸೇರಿಕೊಂಡಿಲ್ಲ.

ಹೆಚ್ಚು ಹಾರುವವರಿಗೆ ಕಂಪನಿ ಕೊಡುವ ಬೆಳ್ಳಿ, ಚಿನ್ನ ಎಂಬ ದರ್ಜೆಯ ಲೆಕ್ಕ ಬೇರೆ, ಟಿಕೆಟಿಗೆ ಬಳಸುವ ಮೈಲ್ಸ್‌ನ ಲೆಕ್ಕ ಬೇರೆ. ಮೈಲ್ಸ್ ಖರ್ಚು ಮಾಡಿದರೆ ದರ್ಜೆ ಇಳಿಯುವುದಿಲ್ಲ. ಭಾವ ಇಷ್ಟು ವರ್ಷ ಕೈ ಕಟ್ಟಿ ಕೂತಿದ್ದಕ್ಕೆ ಅರ್ಧ ಕಾರಣ ಈ ಹೆದರಿಕೆ.

ಒಂದು ಮೈಲಿಗೆ ಎಷ್ಟು ಪೈಸೆ?

ಇದು ಬಹಳ ಮುಖ್ಯ. ಲೆಕ್ಕ ಸುಲಭ. ಟಿಕೆಟಿನ ಹಣದ ಬೆಲೆಯಿಂದ, ಮೈಲ್ಸ್ ಟಿಕೆಟಿಗೂ ಕೈಯಿಂದ ಕೊಡಬೇಕಾದ ತೆರಿಗೆ ಮತ್ತು ಶುಲ್ಕ ಕಳೆಯಿರಿ. ಉಳಿದದ್ದನ್ನು ಬೇಕಾದ ಮೈಲ್ಸ್‌ನಿಂದ ಭಾಗಿಸಿ.

ಉದಾಹರಣೆಗೆ ಒಂದು ಲೆಕ್ಕ ಹಾಕೋಣ. ಮಂಗಳೂರಿನಿಂದ ಮುಂಬೈಗೆ ಟಿಕೆಟ್ 5,500 ರೂಪಾಯಿ ಎಂದಿಟ್ಟುಕೊಳ್ಳಿ. ಮೈಲ್ಸ್‌ನಲ್ಲಾದರೆ 6,000 ಮೈಲ್ಸ್ ಮತ್ತು 1,300 ರೂಪಾಯಿ. 5,500ರಿಂದ 1,300 ಹೋದರೆ 4,200. ಅದನ್ನು 6,000ದಿಂದ ಭಾಗಿಸಿದರೆ ಮೈಲಿಗೆ 70 ಪೈಸೆ. ಅದೇ ಖಾತೆಯ ಕ್ಯಾಟಲಾಗ್‌ನಲ್ಲಿ 3,500 ರೂಪಾಯಿಯ ಮಿಕ್ಸಿಗೆ 14,000 ಮೈಲ್ಸ್ ಕೇಳಿದರೆ, ಮೈಲಿಗೆ 25 ಪೈಸೆ. ಮಿಕ್ಸಿಯನ್ನು ಅಂಗಡಿಯಲ್ಲೇ ತಗೊಳ್ಳಿ.

ತೆರಿಗೆ ಕಳೆಯುವುದನ್ನು ತುಂಬ ಜನ ಮರೆಯುತ್ತಾರೆ. "ಫ್ರೀ ಟಿಕೆಟ್" ಎಂದು ಹೇಳಿ, ಇಂಧನ ಶುಲ್ಕ ಅಂತ ಇಪ್ಪತ್ತು ಸಾವಿರ ಹಾಕುವ ಕಂಪನಿಗಳಿವೆ. ಕೊನೆಯ ಪುಟದವರೆಗೆ ಹೋಗಿ ನೋಡದೆ ಲೆಕ್ಕ ಹಾಕಬೇಡಿ. ಇನ್ನೊಂದು ಸಣ್ಣ ವಿಷಯ: ಹಣ ಕೊಟ್ಟು ಹೋದರೆ ಹೊಸ ಮೈಲ್ಸ್ ಬರುತ್ತವೆ, ಮೈಲ್ಸ್ ಟಿಕೆಟಿಗೆ ಸಾಮಾನ್ಯವಾಗಿ ಬರುವುದಿಲ್ಲ. ಬೆಲೆ ಸರಿಸಮ ಇದ್ದರೆ ಹಣ ಕೊಡುವುದೇ ಒಳ್ಳೆಯದು.

ಮೂರು ನಾಲ್ಕು ಸಲ ಹೀಗೆ ಬೇರೆ ಬೇರೆ ದಿನಕ್ಕೆ, ಬೇರೆ ಬೇರೆ ಊರಿಗೆ ಲೆಕ್ಕ ಹಾಕಿದರೆ ನಿಮ್ಮ ಮೈಲ್ಸ್‌ನ ಸಾಧಾರಣ ಬೆಲೆ ಕೈಗೆ ಸಿಗುತ್ತದೆ. ಅದಕ್ಕಿಂತ ಜಾಸ್ತಿ ಸಿಕ್ಕರೆ ಬಳಸಿ. ಕಡಿಮೆ ಇದ್ದರೆ ಹಣ ಕೊಡಿ. ಗಲ್ಫ್‌ನ ಶಾಲೆಗಳಿಗೆ ರಜೆ ಇರುವ ಜುಲೈ ಆಗಸ್ಟ್, ಕ್ರಿಸ್‌ಮಸ್ ಆಸುಪಾಸು, ಟಿಕೆಟ್ ಬೆಲೆ ನಮ್ಮ ಕಡೆ ಏರುತ್ತದೆ. ಆಗ ಮೈಲ್ಸ್‌ನಲ್ಲಿ ಸೀಟು ಸಿಕ್ಕಿದರೆ ಬೆಲೆ ಚೆನ್ನಾಗಿ ಬರುತ್ತದೆ. ಮಳೆಗಾಲದ ಮಧ್ಯೆ ಎಲ್ಲೋ ಒಂದು ಆಫರ್ ಬಂದರೆ ಹಣ ಕೊಟ್ಟು ಹೋಗಿ.

ನೀವು ನಿಜವಾಗಿ ಎಷ್ಟು ಕೊಡುತ್ತಿದ್ದಿರಿ?

ಮೇಲಿನ ಲೆಕ್ಕದಲ್ಲಿ ಒಂದು ಮೋಸ ಅಡಗಿದೆ. ಮುಂಬೈಗೆ ನೀವು ಯಾವಾಗಲೂ ಮತ್ಸ್ಯಗಂಧ ರೈಲಿನಲ್ಲೇ ಹೋಗುವವರು ಎಂದಿಟ್ಟುಕೊಳ್ಳಿ. ಮಧ್ಯಾಹ್ನ ಹತ್ತಿ ರಾತ್ರಿ ಮಲಗಿದರೆ ಬೆಳಿಗ್ಗೆ ಮುಂಬೈ. ಆಗ ನಿಮಗೆ ಉಳಿದದ್ದು 5,500 ಅಲ್ಲ, ರೈಲಿನ ಟಿಕೆಟ್ ಮಾತ್ರ. ಉಡುಪಿಯವರಾದರೆ ಬಜ್ಪೆಯ ವಿಮಾನ ನಿಲ್ದಾಣದವರೆಗೆ ಟ್ಯಾಕ್ಸಿ ಬೇರೆ ಮಾಡಬೇಕು. ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗುವವರಿಗೂ ಇದೇ ಮಾತು.

ಬಿಸಿನೆಸ್ ಕ್ಲಾಸ್‌ನಲ್ಲಿ ಈ ಮೋಸ ಇನ್ನೂ ದೊಡ್ಡದು. 1,80,000 ರೂಪಾಯಿಯ ಸೀಟು 90,000 ಮೈಲ್ಸ್ ಮತ್ತು 30,000 ರೂಪಾಯಿಗೆ ಸಿಗುತ್ತದೆ ಎನ್ನಿ. ಮೈಲಿಗೆ 1 ರೂಪಾಯಿ 67 ಪೈಸೆ ಬಂತು ಎಂದು ಖುಷಿಯಾಗುತ್ತದೆ. ಆದರೆ ನೀವು ಹಣ ಕೊಟ್ಟು ಹೋಗುತ್ತಿದ್ದದ್ದು 45,000 ರೂಪಾಯಿಯ ಎಕಾನಮಿ ಸೀಟಿನಲ್ಲಿ, ಅಲ್ವಾ? ಆ ಲೆಕ್ಕದಲ್ಲಿ ಮೈಲಿಗೆ ಬಂದದ್ದು 17 ಪೈಸೆ ಮಾತ್ರ. ಹಾಗೆಂದು ಆ ಸೀಟು ಬೇಡ ಎನ್ನುತ್ತಿಲ್ಲ. ಆ ಸೀಟು ಮಾರಾಟಕ್ಕಿದ್ದರೆ ನಿಮ್ಮ ಜೇಬಿನಿಂದ ಎಷ್ಟು ಕೊಡುತ್ತಿದ್ದಿರಿ ಎಂದು ಕೇಳಿಕೊಳ್ಳಿ. 80,000 ಕೊಡಬಹುದಿತ್ತು ಎನಿಸಿದರೆ ಆ ಅಂಕೆ ಹಾಕಿ. ಮೈಲಿಗೆ ಸುಮಾರು 55 ಪೈಸೆ. ಅದು ಪ್ರಾಮಾಣಿಕ ಲೆಕ್ಕ. ಮೊಣಕಾಲು ನೋವಿನ ತಂದೆ ತಾಯಿಗೆ, ಈಗಷ್ಟೇ ಆಪರೇಷನ್ ಆದವರಿಗೆ ಕಾಲು ಚಾಚಿ ಮಲಗುವ ಸೀಟು ಬೇಕೇ ಬೇಕು. ಅವರಿಗೆ ಈ ಅಂಕೆ ಬೇರೆಯೇ ಆಗಿರುತ್ತದೆ.

ಕೂಡಿಡುವುದು ಯಾವಾಗ ಸರಿ?

ನಾನು ಆರು ವರ್ಷ ಕೂಡಿಟ್ಟಿದ್ದೆ. ಅಮ್ಮನನ್ನು ಸಿಂಗಪುರದಲ್ಲಿರುವ ತಮ್ಮನ ಮನೆಗೆ ಮಲಗಿಕೊಂಡು ಹೋಗುವ ಸೀಟಿನಲ್ಲಿ ಕಳಿಸಬೇಕೆಂದು ಆಸೆ. 60,000 ಮೈಲ್ಸ್ ಬೇಕಿತ್ತು. 58,000 ಆಗಿತ್ತು. ಒಂದು ದಿನ ಬೆಳಿಗ್ಗೆ ಇಮೇಲ್ ಬಂತು. ಮುಂದಿನ ತಿಂಗಳಿನಿಂದ ಅದೇ ಸೀಟಿಗೆ 92,000 ಎಂದಿತ್ತು. ಇನ್ನೆರಡು ವರ್ಷ ಕೂಡಿಡೋಣ ಎಂದುಕೊಂಡೆ. ಅಷ್ಟರಲ್ಲಿ ಅಮ್ಮ ಮನೆಯ ಮೆಟ್ಟಿಲು ಇಳಿಯುವುದನ್ನೂ ಬಿಟ್ಟರು. 58,000 ಮೈಲ್ಸ್‌ನಲ್ಲಿ ಎಕಾನಮಿ ಟಿಕೆಟ್ ಮೊದಲೇ ಬರುತ್ತಿತ್ತು. ಅಮ್ಮ ಆಗ ಗಟ್ಟಿ ಇದ್ದರು. ಕಿಟಕಿ ಪಕ್ಕ ಸೀಟು ಸಿಕ್ಕರೆ ಸಾಕು ಎಂದಿದ್ದರು.

ಆ ಇಮೇಲ್ ನನಗೊಬ್ಬನಿಗೇ ಬಂದದ್ದಲ್ಲ. ಜಗತ್ತಿನ ದೊಡ್ಡ ಕಂಪನಿಗಳೇ ಈ ದಾರಿ ಹಿಡಿದಿವೆ. ಅಮೆರಿಕದ ಡೆಲ್ಟಾ 2015ರಲ್ಲಿ, ಯುನೈಟೆಡ್ 2019ರಲ್ಲಿ, ಯಾವ ಊರಿಗೆ ಎಷ್ಟು ಮೈಲ್ಸ್ ಎಂಬ ಪಟ್ಟಿಯನ್ನೇ ತೆಗೆದುಹಾಕಿದವು. ಈಗ ಅಲ್ಲಿ ಬೆಲೆ ದಿನದಿನಕ್ಕೆ ಬದಲಾಗುತ್ತದೆ. ಕಂಪನಿಯೇ ನಿಂತುಹೋಗುವುದೂ ಉಂಟು. ಕಿಂಗ್‌ಫಿಷರ್ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ನಿಂತಿತು. ಜೆಟ್‌ನ ಮೈಲ್ಸ್ ಯೋಜನೆ ಬೇರೆ ಕಂಪನಿಯ ಕೈಯಲ್ಲಿದ್ದುದರಿಂದ ಇಂಟರ್‌ಮೈಲ್ಸ್ ಎಂಬ ಹೆಸರಲ್ಲಿ ಉಳಿಯಿತು. ಕಿಂಗ್‌ಫಿಷರ್‌ನಲ್ಲಿ ಕೂಡಿಟ್ಟವರಿಗೆ ಅಂಥ ಆಸರೆ ಇರಲಿಲ್ಲ. ಎಫ್‌ಡಿಗೆ 5 ಲಕ್ಷದವರೆಗೆ ವಿಮೆ ಇದೆ. ಮೈಲ್ಸ್‌ಗೆ ಏನೂ ಇಲ್ಲ.

ಹಾಗಿದ್ದರೂ ಕೂಡಿಡಲು ಎರಡು ಒಳ್ಳೆಯ ಕಾರಣ ಇವೆ.

ಒಂದು, ಗೊತ್ತಿರುವ ಪ್ರಯಾಣ. ಭಾವನ ಮಗಳು ಇಂಗ್ಲೆಂಡಿನಲ್ಲಿ ಓದುತ್ತಿದ್ದಾಳೆ. ಅವಳ ಪದವಿ ಪ್ರದಾನಕ್ಕೆ ಅಕ್ಕನನ್ನು ಕಳಿಸಬೇಕು. ದಿನ ಗೊತ್ತು. ಹೋಗಿ ಬರಲು 70,000 ಮೈಲ್ಸ್ ಬೇಕು. ಭಾವನ ಬಳಿ ಉಳಿಯುವುದು 43,000. ಅಕ್ಕನ ಖಾತೆಯಲ್ಲಿ 22,000 ಸುಮ್ನೆ ಬಿದ್ದಿತ್ತು. ಕುಟುಂಬದವರ ಮೈಲ್ಸ್ ಒಟ್ಟು ಸೇರಿಸುವ ಸೌಲಭ್ಯ ಕೆಲವು ಕಂಪನಿಗಳಲ್ಲಿ ಉಂಟು, ಭಾವನ ಕಂಪನಿಯಲ್ಲೂ ಇತ್ತು. ಸೇರಿಸಿದರೆ 65,000. ಕೊರತೆ 5,000. ಅದಕ್ಕೆ ಮುಂಚೆ ಭಾವ ಎರಡು ಸಲ ಕೆಲಸದ ಮೇಲೆ ಹಾರಬೇಕಿತ್ತು. ತುಂಬಿಬಿಡುತ್ತದೆ. ಇಲ್ಲಿ ಕೂಡಿಡುವುದೇ ಸರಿ. ಕೊರತೆ 40,000 ಇದ್ದಿದ್ದರೆ ಬೇಡ ಎಂದು ಹೇಳುತ್ತಿದ್ದೆ.

ಎರಡು, ಆಪತ್ತಿನ ಟಿಕೆಟ್. ಕರಾವಳಿಯಲ್ಲಿ ಒಬ್ಬರಾದರೂ ಮುಂಬೈಯಲ್ಲೋ ಗಲ್ಫ್‌ನಲ್ಲೋ ಇಲ್ಲದ ಮನೆ ಕಡಿಮೆ. ರಾತ್ರಿ ಒಂದು ಗಂಟೆಗೆ ಫೋನ್ ಬರುತ್ತದೆ, ಬೆಳಿಗ್ಗೆಯೇ ಹೊರಡಬೇಕು. ಆಗ ಟಿಕೆಟ್ ಬೆಲೆ ಎರಡು ಪಟ್ಟೋ ಮೂರು ಪಟ್ಟೋ ಆಗಿರುತ್ತದೆ. ನಿಗದಿತ ಪಟ್ಟಿ ಇರುವ ಯೋಜನೆಯಲ್ಲಿ ಸೀಟು ಖಾಲಿ ಇದ್ದರೆ ಮೈಲ್ಸ್ ಅಷ್ಟೇ ಕೇಳುತ್ತದೆ. ಒಬ್ಬರು ಒಂದು ಕಡೆಗೆ ಬರುವಷ್ಟು ಮೈಲ್ಸ್ ಯಾವಾಗಲೂ ಇಟ್ಟುಕೊಳ್ಳುವುದು ಒಳ್ಳೆಯದು. ಆದರೆ ಆ ಕಂಪನಿಯ ವಿಮಾನ ಮಂಗಳೂರಿಗೋ, ಕಣ್ಣೂರಿಗೋ, ಬೆಂಗಳೂರಿಗೋ ಬರಬೇಕು. ಇಲ್ಲದಿದ್ದರೆ ಆ ಮೈಲ್ಸ್ ಆಪತ್ತಿಗೆ ಆಗುವುದಿಲ್ಲ.

ಅವಧಿ ಮುಗಿಯಲಿರುವ 18,000 ಏನಾಯಿತು? ಭಾವನ ತಾಯಿ ದುಬೈಗೆ ಹೋಗಬೇಕೆಂದಿದ್ದರು. ಬೆಂಗಳೂರಿನಿಂದ ಹೋಗುವ ಕಡೆಗೆ ಆ ಮೈಲ್ಸ್‌ನಲ್ಲೇ ಟಿಕೆಟ್ ಆಯಿತು. ಮೈಲಿಗೆ ಬಂದದ್ದು 50 ಪೈಸೆಗಿಂತ ಕಡಿಮೆ. ಪರವಾಗಿಲ್ಲ. ತಿಂಗಳು ಕಳೆದರೆ ಸೊನ್ನೆ ಪೈಸೆ. ಅವಧಿ ಹತ್ತಿರ ಬಂದ ಮೈಲ್ಸ್‌ಗೆ ಒಳ್ಳೆಯ ಬೆಲೆಗಾಗಿ ಕಾಯಬೇಡಿ. ಹಣ ಕೊಟ್ಟು ಅವಧಿ ವಿಸ್ತರಿಸುವ ಅವಕಾಶ ಕೆಲವರು ಕೊಡುತ್ತಾರೆ. ಆರು ತಿಂಗಳೊಳಗೆ ನಿಜಕ್ಕೂ ಹೋಗುವುದಿದ್ದರೆ ಮಾತ್ರ ಕೊಡಿ.

ಕ್ರೆಡಿಟ್ ಕಾರ್ಡ್ ಪಾಯಿಂಟ್ಸ್ ಬ್ಯಾಂಕಿನಲ್ಲೇ ಇರಲಿ

ಕಾರ್ಡ್‌ನ ಪಾಯಿಂಟ್ಸ್ ಅನ್ನು ಹಲವು ವಿಮಾನ ಕಂಪನಿಗಳಿಗೆ ಕಳಿಸಬಹುದು. ಕಳಿಸಿದ ಮೇಲೆ ವಾಪಸ್ ಬರುವುದಿಲ್ಲ. ಹಾಗಾಗಿ ಬ್ಯಾಂಕಿನಲ್ಲಿ ಇರುವವರೆಗೆ ಅವಕ್ಕೆ ಬೆಲೆ ಜಾಸ್ತಿ. ಮೊದಲು ಸೀಟು ಇದೆಯಾ ನೋಡಿ, ಆಮೇಲೆ ಕಳಿಸಿ. ಕೆಲವು ವರ್ಗಾವಣೆಗೆ ದಿನಗಳೇ ಬೇಕಾಗುತ್ತವೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ಬ್ಯಾಂಕುಗಳೂ ವರ್ಗಾವಣೆಯ ದರ ಇಳಿಸುತ್ತವೆ, ವರ್ಷಕ್ಕೆ ಇಷ್ಟೇ ಎಂದು ಮಿತಿ ಹಾಕುತ್ತವೆ. ಅದಕ್ಕೇ ಅಲ್ಲೂ ರಾಶಿ ಹಾಕಿಕೊಂಡು ಕೂರಬೇಡಿ.

ಪಾಯಿಂಟ್ಸ್ ಆಸೆಗೆ ಬಿಲ್ ಬಾಕಿ ಉಳಿಸುವುದು ಮಾತ್ರ ಖಂಡಿತ ಬೇಡ. ಕಾರ್ಡ್ ಬಡ್ಡಿ ವರ್ಷಕ್ಕೆ ನೂರಕ್ಕೆ 40ರ ಆಸುಪಾಸು ಇರುತ್ತದೆ. ಯಾವ ಮೈಲ್ಸ್ ಕೂಡ ಅದನ್ನು ತುಂಬಿಕೊಡುವುದಿಲ್ಲ.

ಸೀಟು ಹುಡುಕುವಾಗ

ಮೈಲ್ಸ್‌ಗೆ ಕೊಡುವ ಸೀಟುಗಳು ಕಡಿಮೆ. ಸುಮಾರು ಹನ್ನೊಂದು ತಿಂಗಳು ಮೊದಲೇ ಅನೇಕ ಕಂಪನಿಗಳು ಬುಕಿಂಗ್ ತೆರೆಯುತ್ತವೆ. ದಿನ ಗೊತ್ತಿದ್ದರೆ ಆಗಲೇ ನೋಡಿ. ಸಿಗದಿದ್ದರೆ ಹೊರಡುವ ಹಿಂದಿನ ಎರಡು ವಾರದಲ್ಲೂ ನೋಡಿ, ಮಾರಾಟವಾಗದ ಸೀಟು ಕೆಲವೊಮ್ಮೆ ಬಿಡುತ್ತಾರೆ. ನಾಲ್ವರಿಗೆ ಒಟ್ಟಿಗೆ ಹುಡುಕಿದರೆ ಇಲ್ಲ ಎನ್ನುತ್ತದೆ. ಇಬ್ಬಿಬ್ಬರಿಗೆ ಹುಡುಕಿದರೆ ಸಿಗಬಹುದು. ಏರ್ ಇಂಡಿಯಾ 2014ರಿಂದ ಸ್ಟಾರ್ ಅಲಯನ್ಸ್ ಎಂಬ ವಿಮಾನ ಕಂಪನಿಗಳ ಕೂಟದಲ್ಲಿದೆ. ಅಲ್ಲಿನ ಮೈಲ್ಸ್‌ನಲ್ಲಿ ಲುಫ್ತಾನ್ಸಾ, ಸಿಂಗಪುರ ಏರ್‌ಲೈನ್ಸ್‌ನಂಥ ಜೊತೆಗಾರ ಕಂಪನಿಗಳ ಸೀಟನ್ನೂ ಹುಡುಕಿ.

ನಮ್ಮ ಊರಿನವರು ಇಲ್ಲಿ ಒಂದು ವಿಷಯ ಗಟ್ಟಿಯಾಗಿ ನೆನಪಿಡಬೇಕು. ಮಂಗಳೂರಿನಿಂದ ನೇರ ವಿದೇಶ ಎಂದರೆ ಗಲ್ಫ್. ಯುರೋಪಿಗೋ ಅಮೆರಿಕಕ್ಕೋ ಮೈಲ್ಸ್ ಟಿಕೆಟ್ ಹೆಚ್ಚಾಗಿ ಬೆಂಗಳೂರಿನಿಂದಲೋ ಮುಂಬೈಯಿಂದಲೋ ಶುರುವಾಗುತ್ತದೆ. ಅಲ್ಲಿಯವರೆಗೆ ಹೋಗುವ ಖರ್ಚು, ಒಂದು ರಾತ್ರಿ ರೂಮು, ಎಲ್ಲ ಲೆಕ್ಕಕ್ಕೆ ಸೇರಿಸಿ. ಅದಕ್ಕಿಂತ ಮುಖ್ಯ, ಎರಡು ಬೇರೆ ಬೇರೆ ಟಿಕೆಟ್ ಆದರೆ ಮೊದಲನೆಯದು ತಡವಾದಾಗ ಎರಡನೆಯದರ ಕಂಪನಿ ಹೊಣೆ ಹೊರುವುದಿಲ್ಲ. ನಮ್ಮದು ಗುಡ್ಡದ ಮೇಲಿನ ರನ್‌ವೇ. ಜೋರು ಮಳೆ, ಮಂಜು ಇದ್ದರೆ ವಿಮಾನ ಬೆಂಗಳೂರಿಗೋ ಕೊಚ್ಚಿಗೋ ತಿರುಗಿಹೋಗುತ್ತದೆ. ಬಸ್ಸಿನಲ್ಲಿ ಹೋಗೋಣ ಎಂದರೆ ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದು ದಾರಿ ಮುಚ್ಚುವುದುಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಡುವುದಾದರೆ ಪೂರ್ತಿ ಒಂದು ದಿನ ಮೊದಲೇ ಬೆಂಗಳೂರು ಸೇರಿಕೊಳ್ಳಿ. ಆಗುವುದಾದರೆ ಮಂಗಳೂರಿನಿಂದಲೇ ಶುರುವಾಗುವ ಒಂದೇ ಪಿಎನ್‌ಆರ್‌ನ ಟಿಕೆಟ್ ಹುಡುಕಿ. ಅದಕ್ಕೆ ಎರಡು ಸಾವಿರ ಮೈಲ್ಸ್ ಜಾಸ್ತಿ ಹೋದರೂ ನಾನು ಕೊಡುತ್ತೇನೆ.

ಬುಕ್ ಮಾಡುವ ಮೊದಲು ಹೆಸರು ನೋಡಿಕೊಳ್ಳಿ. ಖಾತೆಯಲ್ಲಿರುವ ಹೆಸರು ಪಾಸ್‌ಪೋರ್ಟಿನ ಹಾಗೇ ಇರಬೇಕು. ನಮ್ಮಲ್ಲಿ ಇನಿಶಿಯಲ್ ಮುಂದೆ ಬರೆಯುವವರು, ಮನೆಯ ಹೆಸರು ಸೇರಿಸುವವರು, ಒಂದೇ ಹೆಸರಿರುವವರು ಬಹಳ. ಅಕ್ಕನ ಖಾತೆಯಲ್ಲಿ ಅಪ್ಪನ ಹೆಸರು ಇತ್ತು, ಪಾಸ್‌ಪೋರ್ಟಿನಲ್ಲಿ ಭಾವನದ್ದು. ಸರಿಪಡಿಸಲು ಹನ್ನೆರಡು ದಿನ ಹಿಡಿಯಿತು. ರದ್ದು ಮಾಡಿದರೆ ಮೈಲ್ಸ್ ವಾಪಸ್ ಬರುತ್ತದಾ, ಎಷ್ಟು ಶುಲ್ಕ ಎಂದೂ ಓದಿ. ಅವಧಿ ಮುಗಿಯಲಿರುವ ಮೈಲ್ಸ್‌ನಲ್ಲಿ ಮಾಡಿದ ಟಿಕೆಟ್ ಆಮೇಲೆ ರದ್ದಾದರೆ ಆ ಮೈಲ್ಸ್ ಮತ್ತೆ ಸಿಗದೇ ಹೋಗಬಹುದು.

ಅಕ್ಕನ ಟಿಕೆಟ್ ಮಾರ್ಚ್‌ನಲ್ಲಿ ಆಯಿತು. ಖಾತೆಯಲ್ಲಿ ಈಗ ಉಳಿದಿರುವುದು 1,400 ಮೈಲ್ಸ್. ಭಾವ ಫೋನ್ ಮಾಡಿ, "ಎಲ್ಲಾ ಖಾಲಿ ಆಯ್ತಲ್ಲ ಮಾರಾಯ" ಎಂದರು. ಹೌದು ಭಾವ, ಅಕ್ಕ ಮಗಳನ್ನು ನೋಡಲು ಹೋಗುತ್ತಿದ್ದಾರೆ ಎಂದೆ.